ಗಾಳಿಯಿದ್ದೂ ಕಡಿಮೆ ಕೊಡುವ ವಿದ್ಯೆ



ರಾಜ್ಯದಲ್ಲಿ ಎಷ್ಟು ಮೆಗಾವಾಟ್ ಪವನ ವಿದ್ಯುತ್ ಇದೆ, ಇನ್ನೆಷ್ಟು ಬರಲಿದೆ ಎಂದು ಲೆಕ್ಕ ಒಪ್ಪಿಸುವುದು ಅಧ್ಯಕ್ಷ ಭಾಷಣದ ರೂಢಿ. ಆ ಅಂಕಿಗಳು ನಿಮಗೆಲ್ಲ ಬಾಯಿಪಾಠ. ಗಾಳಿ ಜೋರಾಗಿ ಬೀಸುತ್ತಿರುವಾಗಲೂ ಯಂತ್ರ ಕಡಿಮೆ ಕೊಡಬೇಕಾಗಿ ಬರುತ್ತದಲ್ಲ, ಅದರ ಬಗ್ಗೆ ಮಾತಾಡೋಣ ಎಂದುಕೊಂಡಿದ್ದೇನೆ.

ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುತ್ತದೆ. ನಮ್ಮ ಎಲ್ಲ ತಾಪತ್ರಯ ಶುರುವಾಗುವುದು ಇಲ್ಲಿಂದಲೇ. ಸೆಕೆಂಡಿಗೆ ಸುಮಾರು 12 ಮೀಟರ್ ವೇಗದವರೆಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುವುದು, ಅದರಾಚೆ ರೆಕ್ಕೆಯ ಕೋನ ತಿರುಗಿಸಿ ಹೆಚ್ಚಿನದನ್ನು ಜಾರಿಬಿಡುವುದು, 25 ಮೀಟರ್ ಹತ್ತಿರ ಬಂದರೆ ನಿಂತುಬಿಡುವುದು ಇಂದಿನ ದೊಡ್ಡ ಯಂತ್ರಗಳ ದಿನಚರಿ. ತೊಂಬತ್ತರ ದಶಕದ ಅನೇಕ ಯಂತ್ರಗಳಿಗೆ ರೆಕ್ಕೆ ತಿರುಗಿಸುವ ಸೌಕರ್ಯವೂ ಇರಲಿಲ್ಲ. ಅವುಗಳ ಇಂಡಕ್ಷನ್ ಜನರೇಟರ್ ಗ್ರಿಡ್‌ನಿಂದಲೇ ರಿಯಾಕ್ಟಿವ್ ಪವರ್ ಎಳೆದುಕೊಳ್ಳುತ್ತಿತ್ತು. ಅದನ್ನು ಒದಗಿಸಬೇಕಾದ ಕೆಪಾಸಿಟರ್ ಬ್ಯಾಂಕ್ ಕೈಕೊಟ್ಟಿತೋ, ಸಬ್‌ಸ್ಟೇಷನ್‌ನವರಿಂದ ಬೈಸಿಕೊಳ್ಳುವುದು ತಪ್ಪುತ್ತಿರಲಿಲ್ಲ.

ಗ್ರಿಡ್‌ಗೆ ಸೇರಿದ ಯಂತ್ರಕ್ಕೆ ಒಂದು ಸುಖವಿತ್ತು. ಹೆಚ್ಚು ಕೊಟ್ಟರೂ, ತಟ್ಟನೆ ಕೈಬಿಟ್ಟರೂ ಸರಿದೂಗಿಸುವ ಭಾರ ಶರಾವತಿಯ ಜಲವಿದ್ಯುತ್ ಕೇಂದ್ರದ್ದೋ ರಾಯಚೂರಿನ ಉಷ್ಣ ಸ್ಥಾವರದ್ದೋ ಆಗಿರುತ್ತಿತ್ತು. ಒಂಟಿಯಾಗಿ ನಿಂತ ಯಂತ್ರಕ್ಕೆ ಆ ಸುಖವಿಲ್ಲ. ತೋಟದ ಮನೆಯ ಮೂರು ಕಿಲೋವಾಟ್‌ನ ಗಾಳಿಯಂತ್ರವನ್ನು ನೋಡಿ. ರಾತ್ರಿ ಗಾಳಿ ಹೆಚ್ಚಾಗಿದೆ, ಬ್ಯಾಟರಿ ತುಂಬಿದೆ, ಮನೆಯಲ್ಲಿ ಉರಿಯುತ್ತಿರುವುದು ಒಂದೇ ದೀಪ. ಸೌರ ಫಲಕವಾಗಿದ್ದರೆ ಸಂಪರ್ಕ ತಪ್ಪಿಸಿ ಸುಮ್ಮನಿರಬಹುದಿತ್ತು. ಫಲಕಕ್ಕೆ ಏನೂ ಆಗದು. ಗಾಳಿಯಂತ್ರದ ಲೋಡ್ ಕಳಚಿದರೆ ಅದು ಹುಚ್ಚೆದ್ದು ತಿರುಗುತ್ತದೆ, ವೋಲ್ಟೇಜ್ ಏರುತ್ತದೆ, ಕಡೆಗೆ ರೆಕ್ಕೆಯೇ ಮುರಿಯಬಹುದು. ಅದಕ್ಕೇ ಹೆಚ್ಚುವರಿ ಕರೆಂಟನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದ ಹೀಟರ್ ಕಾಯಿಲ್‌ಗೆ ತಿರುಗಿಸುತ್ತಾರೆ. ಗಾಳಿ ಅತಿಯಾದಾಗ ಬಾಲದ ಕೀಲು ಮಡಚಿ ಇಡೀ ಚಕ್ರವೇ ಪಕ್ಕಕ್ಕೆ ಹೊರಳುವಂತೆ ಮಾಡಿರುತ್ತಾರೆ. ಅಗ್ಗಕ್ಕೆ ಸಿಗುತ್ತದೆಂದು ಸೋಲಾರ್ ಚಾರ್ಜ್ ಕಂಟ್ರೋಲರನ್ನೇ ಇದಕ್ಕೂ ಸಿಕ್ಕಿಸುವವರಿಗೆ ದಯವಿಟ್ಟು ಇದನ್ನು ತಿಳಿಹೇಳಿ.

ಇನ್ನೂ ಜಾಣ ಉಪಾಯವಿದೆ. ಬ್ಯಾಟರಿ ತುಂಬುತ್ತ ಬಂದಂತೆ ಅದರ ಇನ್ವರ್ಟರ್ ಆ ಒಂಟಿ ವ್ಯವಸ್ಥೆಯ ಪುಟ್ಟ ಲೈನ್‌ನ ಆವರ್ತನವನ್ನು 50 ಹರ್ಟ್ಸ್‌ನಿಂದ ಚೂರುಚೂರೇ ಏರಿಸುತ್ತದೆ. ಗಾಳಿಯಂತ್ರದ ಇನ್ವರ್ಟರ್ ಅದನ್ನು ಗುರುತಿಸಿ ತನ್ನ ಉತ್ಪಾದನೆ ಇಳಿಸುತ್ತದೆ. ಬೇರೆ ಸಿಗ್ನಲ್ ವೈರ್ ಬೇಡವೇ ಬೇಡ. ಬಡ ದ್ವೀಪಗಳೂ ದೂರದ ಹಳ್ಳಿಗಳೂ ರೂಢಿಸಿಕೊಂಡ ಈ ಶಿಸ್ತನ್ನು ದೊಡ್ಡ ಗ್ರಿಡ್‌ನ ಯಂತ್ರಗಳು ಈಗ ಕಲಿಯಬೇಕಾಗಿದೆ ಎಂಬುದೇ ನನ್ನ ವಾದ.

ಕಲಿಯದೆ, ಗ್ರಿಡ್‌ನ ಸ್ಥಿತಿ ನೋಡದೆ ಯಂತ್ರಗಳು ತಮ್ಮ ಪಾಡಿಗೆ ಹಿಂದೆ ಸರಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಸ್ಟ್ರೇಲಿಯಾ ಇದೆ. 2016ರ ಸೆಪ್ಟೆಂಬರ್ 28ರ ಸಂಜೆ ಸುಂಟರಗಾಳಿಗೆ ಪ್ರಸರಣ ಗೋಪುರಗಳು ಉರುಳಿದವು. ಎರಡು ನಿಮಿಷದೊಳಗೆ ವೋಲ್ಟೇಜ್ ಆರು ಸಲ ಕುಸಿಯಿತು. ಮೊದಮೊದಲು ಗಾಳಿಯಂತ್ರಗಳು ತಾಳಿಕೊಂಡವು. ಆದರೆ ಇಂತಿಷ್ಟು ಸಮಯದಲ್ಲಿ ಇಂತಿಷ್ಟು ಕುಸಿತವಾದರೆ ಹಿಂದೆ ಸರಿಯಬೇಕು ಎಂಬ ಮಿತಿ ಅವುಗಳ ಸಾಫ್ಟ್‌ವೇರ್‌ನಲ್ಲಿತ್ತು. ಏಳು ಸೆಕೆಂಡ್ ಕೂಡ ಆಗಿಲ್ಲ, ಒಂಬತ್ತು ವಿಂಡ್ ಫಾರ್ಮ್‌ಗಳಿಂದ 456 ಮೆಗಾವಾಟ್ ಹೋಯಿತು. ಆ ಕೊರತೆಯೆಲ್ಲ ನೆರೆಯ ವಿಕ್ಟೋರಿಯಾ ರಾಜ್ಯದಿಂದ ಬರುವ ಲೈನ್ ಮೇಲೆ ಬಿದ್ದು ಅದೂ ಟ್ರಿಪ್ ಆಯಿತು, ರಾಜ್ಯವಿಡೀ ಕತ್ತಲಾಯಿತು. ಗೋಪುರ ಬಿದ್ದದ್ದಕ್ಕೆ ಯಾರನ್ನೂ ದೂರಲಾಗದು. ನನ್ನನ್ನು ಕಾಡುವುದು, ಆ ಮಿತಿ ಇದೆಯೆಂದು ಗ್ರಿಡ್ ನಡೆಸುವವರಿಗೇ ಗೊತ್ತಿರಲಿಲ್ಲ ಎಂಬ ಸಂಗತಿ. ಆಮೇಲೆ ಸೆಟ್ಟಿಂಗ್ ಬದಲಿಸಿದರು.

ವೋಲ್ಟೇಜ್ ಕುಸಿದಾಗ ಯಂತ್ರ ತಾಳಿಕೊಂಡು ನಿಲ್ಲಬೇಕೆಂದು ನಮ್ಮ ಕೇಂದ್ರ ವಿದ್ಯುತ್ ಪ್ರಾಧಿಕಾರವೂ 2013ರ ತಿದ್ದುಪಡಿಯಲ್ಲಿ ಹೇಳಿದೆ. ಒಂದು ಸಲ ತಾಳಿಕೊಂಡರೆ ಸಾಲದು. ಸಾಲಾಗಿ ಬಂದರೆ ಹೇಗೆ ಎಂದೂ ಕೇಳಬೇಕು. ಯಂತ್ರದೊಳಗಿನ ಮಿತಿಗಳ ಪಟ್ಟಿ ಲೋಡ್ ಡಿಸ್ಪ್ಯಾಚ್ ಕೇಂದ್ರದ ಮೇಜಿನ ಮೇಲಿರಬೇಕು. ತಯಾರಕರು ಅದನ್ನು ವ್ಯಾಪಾರದ ಗುಟ್ಟು ಎನ್ನುವುದನ್ನು ನಾನು ಒಪ್ಪಲಾರೆ.

ಇನ್ನು ದುಡ್ಡಿನ ಮಾತು. ಆವರ್ತನ ಕುಸಿದಾಗ ಗಾಳಿಯಂತ್ರ ತಕ್ಷಣ ಹೆಚ್ಚು ಕೊಟ್ಟು, ಆ ನೆರವನ್ನು ಒಂದಷ್ಟು ಹೊತ್ತು ಮುಂದುವರಿಸಬೇಕಾದರೆ ಅದು ಮೊದಲೇ ಸ್ವಲ್ಪ ಕೈಹಿಡಿದು ಓಡುತ್ತಿರಬೇಕು. ಯೂನಿಟ್ ಲೆಕ್ಕದಲ್ಲಿ ಹಣ ಪಡೆಯುವ ಮಾಲೀಕ ಆಷಾಢದ ಗಾಳಿಯನ್ನು ಪುಕ್ಕಟೆ ಬಿಟ್ಟುಕೊಡುತ್ತಾನೆಯೆ? ಗುಡ್ಡದ ಮೇಲಿನ ಹಳೆಯ ಯಂತ್ರ ಇಳಿಸಿ ಹೊಸದು ನಿಲ್ಲಿಸುವ ರೀಪವರಿಂಗ್ ಚರ್ಚೆಯಲ್ಲೂ ಎಷ್ಟು ಯೂನಿಟ್ ಹೆಚ್ಚುತ್ತದೆ ಎಂಬುದೇ ಮಾತು. ಕೈಹಿಡಿದು ಓಡಿ ಕಾಯ್ದಿಟ್ಟ ಸಾಮರ್ಥ್ಯಕ್ಕೆ ಪ್ರತ್ಯೇಕ ದರ ಬೇಕು. ಅದನ್ನು ಯಾರು ಕೊಡಬೇಕು, ಹೇಗೆ ಅಳೆಯಬೇಕು ಎಂಬುದನ್ನು ಮಧ್ಯಾಹ್ನದ ಗೋಷ್ಠಿ ಮೊದಲ ವಿಷಯವಾಗಿ ಎತ್ತಿಕೊಳ್ಳಲಿ ಎಂದು ಕೋರುತ್ತೇನೆ.