ಕಿಟಕಿಯ ಆಚೆ, ಕಿಟಕಿಯ ಈಚೆ

ಅಂಚೆ ಕಚೇರಿಯ ಕಿಟಕಿಯೆದುರು ಸಾಲಿನಲ್ಲಿ ನಿಲ್ಲದವರು ನಮ್ಮಲ್ಲಿ ವಿರಳ. ಗುಮಾಸ್ತರ ಸಿಡುಕು, ಚಿಲ್ಲರೆಯ ಅಭಾವ, ಒಣಗಿದ ಗೋಂದಿನ ಬಟ್ಟಲು ಇವನ್ನು ಕುರಿತು ಎಲ್ಲರ ಬಳಿಯೂ ಒಂದೊಂದು ಕಥೆಯುಂಟು. ನನ್ನ ಬಳಿಯೂ ಒಂದಿದೆ. ಅದರಲ್ಲಿ ಸಿಡುಕಿದವನು ಮಾತ್ರ ನಾನು.

1984ರ ಮಾತು. ನಾನಾಗ ಹೊಸ ಅಧ್ಯಾಪಕ. ಲೇಖನವೊಂದನ್ನು ರಿಜಿಸ್ಟರ್ಡ್ ಅಂಚೆಗೆ ಹಾಕುವ ಅವಸರ. ನನ್ನ ಮುಂದೆ ಒಬ್ಬ ವೃದ್ಧೆ. ಪರಸ್ಥಳದ ಮಗಳಿಗೆ ಇಪ್ಪತ್ತು ರೂಪಾಯಿ ಮನಿಯಾರ್ಡರು ಮಾಡಲು ಬಂದಿದ್ದರು. ಓದುಬರಹ ತಿಳಿಯದು. ಗುಮಾಸ್ತರು ತಾವೇ ಫಾರಂ ತುಂಬಿದರು. ಮನಿಯಾರ್ಡರಿನ ಕೂಪನ್ನಿನಲ್ಲಿ ನಾಲ್ಕು ಮಾತು ಬರೆಯಲು ಸ್ಥಳವಿರುತ್ತಿತ್ತು. ಹಣದೊಡನೆ ಆ ಚೂರು ಕಾಗದವೂ ಪಡೆದವರ ಕೈಸೇರುತ್ತಿತ್ತು. ಅವರ ಸಹಿಯೋ ಹೆಬ್ಬೆಟ್ಟಿನ ಗುರುತೋ ಇದ್ದ ರಸೀದಿ ಕಳುಹಿಸಿದವರಿಗೆ ಮರಳುತ್ತಿತ್ತು.

"ಏನು ಬರೀಲಮ್ಮ?" ಎಂದರು ಗುಮಾಸ್ತರು.

ಆಕೆ ಬಹಳ ಹೊತ್ತು ಯೋಚಿಸಿ, "ಹಬ್ಬಕ್ಕೆ ಬಳೆ ತೊಡಿಸ್ಕೊ ಅಂತ ಬರೀರಪ್ಪ. ಆಮೇಲೆ..." ಎಂದು ತಡೆದರು.

ನಾನು ಗಡಿಯಾರ ನೋಡಿಕೊಂಡು, "ಇದೇನು ಕಚೇರಿಯೋ, ಕಾಗದ ಬರೆದುಕೊಡುವ ಅಂಗಡಿಯೋ?" ಎಂದೆ. ಗುಮಾಸ್ತರು ಮರುನುಡಿಯಲಿಲ್ಲ. ವೃದ್ಧೆ ಸೆರಗು ಎಳೆದುಕೊಂಡು, "ಅಷ್ಟೇ ಸಾಕು" ಎಂದು ಪಕ್ಕಕ್ಕೆ ಸರಿದರು.

ಆಮೇಲೆ ಕಾಲ ಬಹಳ ಸರಿಯಿತು. 2013ರ ಜುಲೈನಲ್ಲಿ ತಂತಿ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಕಿಟಕಿಯೂ ಸಾಲೂ ಉಳಿದಿವೆ.

ಈಚೆಗೆ ಉಳಿತಾಯ ಖಾತೆಯ ಹಣ ತೆಗೆಯಲು ಹೋಗಿದ್ದೆ. ಕೈನಡುಕದಿಂದಾಗಿ ನನ್ನ ಸಹಿ ಹಳೆಯ ಮಾದರಿ ಸಹಿಗೆ ಹೊಂದಲಿಲ್ಲ. ಮೂವತ್ತು ವರ್ಷ ಅಕ್ಷರದಿಂದಲೇ ಅನ್ನ ಉಂಡವನಿಗೆ ತನ್ನ ಹೆಸರೇ ಕೈಕೊಟ್ಟಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಅಸಹನೆಯಿಂದ ಕೆಮ್ಮಿದರು. ಕಿಟಕಿಯಾಚೆಯ ತರುಣಿ ಇನ್ನೊಂದು ಚೀಟಿ ನೀಡಿ, "ಅವಸರವಿಲ್ಲ ಸಾರ್, ಕೂತು ಬರೀರಿ" ಎಂದಳು. ಅವಳು ನಿಯಮವನ್ನು ಸಡಿಲಿಸಲಿಲ್ಲ, ಸಮಯವನ್ನು ಕೊಟ್ಟಳು. ಮೂರನೆಯ ಸಹಿ ಹೊಂದಿತು.

ಕಿಟಕಿಯಾಚೆಯವರ ಸೌಜನ್ಯವನ್ನು ಅಳೆಯುವುದು ನಮಗೆ ರೂಢಿ. ಆ ಸೌಜನ್ಯಕ್ಕೆ ಎಡೆಗೊಡುವ ತಾಳ್ಮೆ ಸಾಲಿನಲ್ಲಿ ನಿಂತ ನಮ್ಮಲ್ಲಿಯೂ ಇರಬೇಕಾಗುತ್ತದೆ.

ಆ ತಾಯಿ ಮಗಳಿಗೆ ಇನ್ನೇನು ಹೇಳಬೇಕೆಂದಿದ್ದರೋ! ಕೂಪನ್ನಿನಲ್ಲಿ ಇನ್ನೂ ಎರಡು ಸಾಲಿನಷ್ಟು ಸ್ಥಳವಿತ್ತು.