ತೂಗು ರೈಲು ಮತ್ತು ಮೇಷ್ಟ್ರ ಲೆಕ್ಕ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಎಂಜಿನಿಯರು, ಬೆಂಗಳೂರಿನಲ್ಲಿ ರಸ್ತೆ, ರೈಲು ಅಂತ ಕೆಲಸ ಮಾಡಿದವರು. ಮಕ್ಕಳಿಗೆ ಏನಾದರೂ ಹೊಸ ವಿಷಯ ಹೇಳಿ" ಎಂದರು. ರೈಲು ನಿಲ್ದಾಣವೇ ಇಲ್ಲದ ಹೊನ್ನಾಳಿಯಲ್ಲಿ ನಿಂತು ರೈಲಿನ ಬಗ್ಗೆಯೇ ಮಾತಾಡೋಣ ಎಂದುಕೊಂಡೆ. ಅದೂ ನೆಲದ ಮೇಲೆ ಓಡುವ ರೈಲಲ್ಲ. ತಲೆಯ ಮೇಲೆ ಜೋತುಬಿದ್ದು ಓಡುವ ರೈಲು.

ನಾವು ಓದುವಾಗ ರೈಲು ನೋಡಬೇಕೆಂದರೆ ಶಿವಮೊಗ್ಗಕ್ಕೆ ಹೋಗಬೇಕಿತ್ತು, ಇಲ್ಲವೇ ಹರಿಹರಕ್ಕೆ. ಆಗ ನಮ್ಮದು ಶಿವಮೊಗ್ಗ ಜಿಲ್ಲೆ. ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ. ನಾನು ಮೊದಲ ಸಲ ರೈಲು ಕಂಡದ್ದು ಒಂಬತ್ತನೇ ತರಗತಿಯಲ್ಲಿ, ಸೋದರಮಾವನ ಜೊತೆ ಹರಿಹರಕ್ಕೆ ಹೋದಾಗ. ಮರುದಿನ ತರಗತಿಯಲ್ಲಿ ಅದನ್ನೇ ಹೇಳುತ್ತಾ ಕೂತು ಗಣಿತದ ಮೇಷ್ಟ್ರಿಂದ ಬೈಸಿಕೊಂಡೆ. ಆ ಮೇಷ್ಟ್ರ ಮಾತು ಮುಂದೆ ಮತ್ತೆ ಬರುತ್ತದೆ.

ಮೊದಲು ಈ ತೂಗು ರೈಲು ಎಂದರೆ ಏನು, ನೋಡೋಣ. ಮಾಮೂಲಿ ರೈಲಿಗೆ ಎರಡು ಹಳಿ, ಅದರ ಮೇಲೆ ಗಾಲಿ, ಗಾಲಿಯ ಮೇಲೆ ಡಬ್ಬಿ. ಮೊನೊರೈಲಿಗೆ ಒಂದೇ ಹಳಿ, ಅಥವಾ ಒಂದೇ ತೊಲೆ. ಅದರಲ್ಲಿ ಎರಡು ಜಾತಿ. ಒಂದು, ಕುದುರೆ ಸವಾರನ ಹಾಗೆ ತೊಲೆಯ ಎರಡೂ ಕಡೆ ಕಾಲು ಇಳಿಬಿಟ್ಟು ಮೇಲೆ ಕೂತು ಹೋಗುವಂಥದ್ದು. 2014ರಲ್ಲಿ ಮುಂಬಯಿಯಲ್ಲಿ ಶುರುವಾದದ್ದು ಈ ಬಗೆಯದು. ಇನ್ನೊಂದು, ಬಾವಲಿಯ ಹಾಗೆ ಕೆಳಗೆ ಜೋತುಬಿದ್ದು ಹೋಗುವಂಥದ್ದು. ಗಾಲಿ ಮೇಲೆ, ಜನ ಕೆಳಗೆ.

ಜೋತುಬಿದ್ದರೆ ಏನು ಲಾಭ? ನೀರು ತುಂಬಿದ ಬಿಂದಿಗೆಗೆ ಹಗ್ಗ ಕಟ್ಟಿ ತಿರುಗಿಸಿ ನೋಡಿ. ಬಿಂದಿಗೆ ಹೊರಕ್ಕೆ ವಾಲುತ್ತದೆ, ಒಳಗಿನ ನೀರು ಚೆಲ್ಲುವುದಿಲ್ಲ. ತೂಗು ರೈಲೂ ತಿರುವಿನಲ್ಲಿ ತಾನಾಗಿ ಹೊರಕ್ಕೆ ವಾಲುತ್ತದೆ, ಆದ್ದರಿಂದ ಒಳಗಿನ ಜನ ಒಬ್ಬರ ಮೇಲೊಬ್ಬರು ಬೀಳುವುದು ಕಡಿಮೆ. ನೆಲದಲ್ಲಿ ಕಂಬ ನಿಲ್ಲುವಷ್ಟು ಜಾಗ ಸಿಕ್ಕರೆ ಸಾಕು. ಕೆಳಗೆ ಬಸ್ಸು, ಗಾಡಿ, ಹೊಳೆ ಏನು ಬೇಕಾದರೂ ಹರಿಯಬಹುದು.

ಹೊಳೆ ಎಂದು ಸುಮ್ಮನೆ ಹೇಳಲಿಲ್ಲ. ಜಗತ್ತಿನ ಅತಿ ಹೆಸರುವಾಸಿ ತೂಗು ರೈಲು ಓಡುವುದೇ ಒಂದು ಹೊಳೆಯ ಮೇಲೆ. ಜರ್ಮನಿಯಲ್ಲಿ ವುಪರ್ ಎಂಬ ಹೊಳೆಯಿದೆ. ಅದರ ಕಣಿವೆಯಲ್ಲಿ, ನಮ್ಮ ದಾವಣಗೆರೆಯ ಹಾಗೆ, ಬಟ್ಟೆ ಗಿರಣಿಗಳ ಊರುಗಳು ಬೆಳೆದವು. ಕಣಿವೆ ಇಕ್ಕಟ್ಟು. ಗಿರಣಿ, ಮನೆ, ರಸ್ತೆ ಎಲ್ಲ ಸೇರಿ ಇನ್ನೊಂದು ರೈಲು ದಾರಿಗೆ ಜಾಗವೇ ಉಳಿಯಲಿಲ್ಲ. ಆಗ ಓಯ್ಗನ್ ಲಾಂಗನ್ ಎಂಬ ಎಂಜಿನಿಯರನ ವಿನ್ಯಾಸವನ್ನು ಆ ಊರುಗಳು ಆರಿಸಿಕೊಂಡವು. ಹೊಳೆಯ ಎರಡೂ ದಡದಲ್ಲಿ ಉಕ್ಕಿನ ಕಾಲುಗಳನ್ನು ಓರೆಯಾಗಿ ಊರಿ, ನಡುವೆ ಹಳಿ ಕಟ್ಟಿ, ಅದಕ್ಕೆ ಡಬ್ಬಿ ತೂಗುಬಿಟ್ಟರು. ಲಾಂಗನ್ 1895ರಲ್ಲೇ ತೀರಿಕೊಂಡ; ತನ್ನ ರೈಲು ಓಡಿದ್ದನ್ನು ನೋಡಲಿಲ್ಲ. 1901ರ ಮಾರ್ಚ್ 1ರಂದು ಜನ ಅದರಲ್ಲಿ ಪ್ರಯಾಣ ಶುರುಮಾಡಿದರು. ಉದ್ದ 13.3 ಕಿಲೋಮೀಟರ್, ಅದರಲ್ಲಿ ಸುಮಾರು 10 ಕಿಲೋಮೀಟರ್ ಹೊಳೆಯ ಮೇಲೆಯೇ, ನೀರಿನಿಂದ ಸುಮಾರು 12 ಮೀಟರ್ ಎತ್ತರದಲ್ಲಿ. 20 ನಿಲ್ದಾಣ. ಆ ಊರುಗಳೆಲ್ಲ 1929ರಲ್ಲಿ ಸೇರಿ ಒಂದೇ ಪಟ್ಟಣವಾದವು. ಅದೇ ಇಂದಿನ ವುಪರ್ಟಾಲ್, ಅಂದರೆ ವುಪರ್ ಕಣಿವೆ. ಎರಡು ಮಹಾಯುದ್ಧ ಕಂಡ ಆ ರೈಲು ಇಂದಿಗೂ ಜನರನ್ನು ಕೆಲಸಕ್ಕೂ ಶಾಲೆಗೂ ಒಯ್ಯುತ್ತಿದೆ.

ಮಕ್ಕಳಿಗಾಗಿ ಒಂದು ತಮಾಷೆಯ ಸಂಗತಿ. 1950ರಲ್ಲಿ ಒಂದು ಸರ್ಕಸ್ಸಿನವರು ಪ್ರಚಾರಕ್ಕೆಂದು ಟುಫಿ ಎಂಬ ಮರಿಯಾನೆಯನ್ನು ಆ ರೈಲಿಗೆ ಹತ್ತಿಸಿದರು. ಆನೆ ಗಾಬರಿಯಾಗಿ ಡಬ್ಬಿಯಿಂದ ಹೊಳೆಗೆ ಹಾರಿತು. ಸಣ್ಣಪುಟ್ಟ ಗಾಯವಾಯಿತು, ಅಷ್ಟೇ. ಅದು 1989ರವರೆಗೂ ಬದುಕಿತ್ತು.

ಆದರೆ ಇನ್ನೊಂದು ಘಟನೆ ತಮಾಷೆಯದಲ್ಲ. 1999ರ ಏಪ್ರಿಲ್ 12. ರಾತ್ರಿಯೆಲ್ಲ ದುರಸ್ತಿ ಕೆಲಸ ನಡೆದಿತ್ತು. ಕೆಲಸಕ್ಕೆಂದು ಹಳಿಗೆ ಬಿಗಿದಿದ್ದ ಕಬ್ಬಿಣದ ಒಂದು ಹಿಡಿಕೆಯನ್ನು ತೆಗೆಯದೆ ಮರೆತುಬಿಟ್ಟಿದ್ದರು. ಮುಂಜಾನೆಯ ಮೊದಲ ರೈಲು ಬಂದು ಅದಕ್ಕೆ ಬಡಿದು ಹೊಳೆಗೆ ಬಿತ್ತು. ಐದು ಜನ ಸತ್ತರು. ತೂಗು ರೈಲಿನ ವಿನ್ಯಾಸದಲ್ಲಿ ತಪ್ಪಿರಲಿಲ್ಲ. ಉಕ್ಕು ಗಟ್ಟಿಯಾಗಿಯೇ ಇತ್ತು. "ಎಲ್ಲ ತೆಗೆದೆವೇ?" ಎಂದು ಕೊನೆಗೊಮ್ಮೆ ನೋಡುವ ಕೆಲಸ ತಪ್ಪಿತ್ತು.

ನಮ್ಮ ದೇಶದಲ್ಲೂ ಒಬ್ಬರು ತೂಗು ರೈಲಿನ ಕನಸು ಕಂಡರು. ಕೊಂಕಣ ರೈಲ್ವೆ ನಿಗಮ ನಿಮಗೆ ಗೊತ್ತು. ಕಾರವಾರ, ಉಡುಪಿ ಮೇಲೆ ಹೋಗುವ ರೈಲು ಅವರದು. ಅದರಲ್ಲಿ ನಮ್ಮ ಕರ್ನಾಟಕ ಸರ್ಕಾರದ್ದೂ ಪಾಲಿದೆ. ಆ ನಿಗಮದ ಮುಖ್ಯಸ್ಥರಾಗಿದ್ದ ಬಿ. ರಾಜಾರಾಂ ಅವರು 'ಸ್ಕೈಬಸ್' ಎಂಬ ಯೋಜನೆ ರೂಪಿಸಿದರು. ರಸ್ತೆಯ ನಡುವೆ ಕಂಬ, ಕಂಬದ ಮೇಲೆ ಕಾಂಕ್ರೀಟಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಹಳಿ, ಗಾಲಿ. ಕೆಳಗೆ ತೂಗುವ ಡಬ್ಬಿ. ಗೋವಾದ ಮಡಗಾಂವಿನಲ್ಲಿ ಸುಮಾರು 1.6 ಕಿಲೋಮೀಟರ್ ಪ್ರಯೋಗದ ದಾರಿಯೂ ಸಿದ್ಧವಾಯಿತು. 2004ರ ಸೆಪ್ಟೆಂಬರ್ 25ರಂದು ಪರೀಕ್ಷೆಯ ವೇಳೆ ಡಬ್ಬಿ ಕಂಬಕ್ಕೆ ಬಡಿದು ಒಬ್ಬ ಉದ್ಯೋಗಿ ಪ್ರಾಣ ಕಳೆದುಕೊಂಡರು. ಯೋಜನೆ ಮೇಲೇಳಲಿಲ್ಲ. ವರ್ಷಗಟ್ಟಲೆ ಹಾಗೇ ನಿಂತಿದ್ದ ಕಂಬಗಳನ್ನು ಕೊನೆಗೆ ಕಿತ್ತುಹಾಕಿದರು.

ಹಾಗಾದರೆ ಇದು ಆಗದ ಕೆಲಸವೇ? ಅಲ್ಲ. ಜಪಾನಿನ ಶೋನಾನ್ ಎಂಬಲ್ಲಿ 1970ರಿಂದ 6.6 ಕಿಲೋಮೀಟರ್ ತೂಗು ರೈಲು ಗುಡ್ಡಗಳ ನಡುವೆ ಓಡುತ್ತಿದೆ. ಚಿಬಾ ಪಟ್ಟಣದಲ್ಲಿ 1988ರಿಂದ ಓಡುತ್ತಿದೆ. ಅಲ್ಲಿ ಈಗ 15.2 ಕಿಲೋಮೀಟರ್ ದಾರಿಯಿದೆ. ಅಲ್ಲಿಯೂ ಗಾಲಿಗಳು ಪೆಟ್ಟಿಗೆಯೊಳಗೇ ಇರುವುದರಿಂದ ಮಳೆ, ಹಿಮ ತಾಗುವುದಿಲ್ಲ. ಜಾಗ ಇಕ್ಕಟ್ಟಾಗಿದ್ದು, ಓಡಾಡುವ ಜನ ಹದವಾಗಿದ್ದು, ದಿನದಿನದ ತಪಾಸಣೆ ತಪ್ಪದಿದ್ದರೆ ಅದು ನಡೆಯುತ್ತದೆ. ಜನ ವಿಪರೀತವಿದ್ದರೆ ಅದು ಸಾಲದು, ಮೆಟ್ರೋ ಬೇಕು. ಬೆಂಗಳೂರಿನಲ್ಲೂ ಮೊನೊರೈಲಿನ ಮಾತು ಎಷ್ಟೋ ಸಲ ಬಂತು, ಹೋಯಿತು. 2011ರಲ್ಲಿ ಓಡಿದ್ದು ಮೆಟ್ರೋ. ಜನ ಕಡಿಮೆಯಿದ್ದರೆ ಬಸ್ಸೇ ಸಾಕು. ಎಂದ ಮೇಲೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ಲೆಕ್ಕ: ಎಷ್ಟು ಜನ ಹತ್ತುತ್ತಾರೆ?

ಈಗ ನನ್ನ ಮಾತಿಗೆ ಬರುತ್ತೇನೆ. ಇದನ್ನು ನನ್ನ ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಸುಮಾರು ಇಪ್ಪತ್ತೈದು ವರ್ಷದ ಹಿಂದೆ ನಾನೊಂದು ಖಾಸಗಿ ಸಂಸ್ಥೆಯಲ್ಲಿದ್ದೆ. ಒಂದು ಪಟ್ಟಣಕ್ಕೆ ಇಂಥದೇ ತೂಗು ರೈಲು ಆಗುತ್ತದೆಯೇ ಎಂದು ವರದಿ ಕೊಡಬೇಕಿತ್ತು. ಜನ ಎಣಿಸುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಹುಡುಗರನ್ನು ಕಟ್ಟಿಕೊಂಡು ವೃತ್ತಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ನಿಂತು ಎಣಿಸಿದೆ. ಸಿಕ್ಕ ಸಂಖ್ಯೆ, ಆ ರೈಲಿಗೆ ಬೇಕಾದದ್ದರ ಅರ್ಧಕ್ಕೂ ಬರಲಿಲ್ಲ. ಮೇಲಿನವರು ನೋಡಿ, "ಇಷ್ಟೇ ಆದರೆ ಯೋಜನೆ ಬರೋದಿಲ್ಲ, ಇನ್ನೊಂದು ಸಲ ಲೆಕ್ಕ ಹಾಕಿ" ಎಂದರು. ಮತ್ತೆ ಎಣಿಸಿ ಎನ್ನಲಿಲ್ಲ, ಗಮನಿಸಿ. ಲೆಕ್ಕ ಹಾಕಿ ಎಂದರು. ನನಗೆ ಅರ್ಥವಾಯಿತು. ಮನೆ ಸಾಲವಿತ್ತು, ಮಗಳು ಚಿಕ್ಕವಳು. ಊರು ಬೆಳೆಯುತ್ತದೆ, ಜನ ಬಸ್ಸು ಬಿಟ್ಟು ಇದಕ್ಕೆ ಬರುತ್ತಾರೆ ಎಂದೆಲ್ಲ ಸೇರಿಸಿ, ಬೇಕಾದ ಸಂಖ್ಯೆ ಬರುವ ಹಾಗೆ ಮಾಡಿದೆ. ಕೆಳಗೆ ಸಹಿಯನ್ನೂ ಹಾಕಿದೆ.

ಆ ರಾತ್ರಿ ನೆನಪಾದದ್ದು ಈ ಶಾಲೆ. ಗಣಿತದ ಮೇಷ್ಟ್ರು ಒಮ್ಮೆ ನನಗೆ ಸೊನ್ನೆ ಕೊಟ್ಟಿದ್ದರು. ಉತ್ತರ ಸರಿಯಿತ್ತು. "ಸಾರ್, ಸರಿ ಇದೆಯಲ್ಲ" ಎಂದೆ. "ಉತ್ತರ ಪುಸ್ತಕದ ಹಿಂದೆ ಇದೆ ಕಣೋ, ನೀನು ಅದನ್ನ ನೋಡಿ ಮೇಲಕ್ಕೆ ಹತ್ತಿದ್ದೀಯ. ನಿನ್ನ ಹೆಜ್ಜೆ ಎಲ್ಲಿ?" ಎಂದರು. ಇಡೀ ತರಗತಿ ನಕ್ಕಿತು. ಇಲ್ಲಿ ಕೂತಿರುವ ಕೆಲವರಿಗೆ ಅದು ನೆನಪಿರಬಹುದು. ದೊಡ್ಡವನಾಗಿ, ಎಂಜಿನಿಯರಾಗಿ ಮತ್ತೆ ಅದನ್ನೇ ಮಾಡಿದೆ. ಈ ಸಲ ಸೊನ್ನೆ ಕೊಡುವವರು ಇರಲಿಲ್ಲ, ಅಷ್ಟೇ.

ಆ ಯೋಜನೆ ಕಾಗದದಲ್ಲೇ ಉಳಿಯಿತು. ಯಾರಿಗೂ ತೊಂದರೆ ಆಗಲಿಲ್ಲ. ಆದರೆ ಮಡಗಾಂವಿನ ಸುದ್ದಿ ಓದಿದ ದಿನ ನನ್ನ ಕೈ ತಣ್ಣಗಾಯಿತು. ಅಲ್ಲಿ ಯಾರೋ ಸುಳ್ಳು ಲೆಕ್ಕ ಬರೆದರು ಎನ್ನುತ್ತಿಲ್ಲ. ಅವರ ಕೆಲಸ ಬೇರೆ, ನನ್ನದು ಬೇರೆ. ನನಗೆ ಹೊಳೆದದ್ದು ಇಷ್ಟೇ: ನಾವು ಬರೆಯುವ ಅಂಕಿಯ ಕೆಳಗೆ ಯಾವತ್ತೋ ಒಂದು ದಿನ ಮನುಷ್ಯರು ನಿಲ್ಲುತ್ತಾರೆ. ತಲೆಯ ಮೇಲೆ ತೂಗುವ ಡಬ್ಬಿಯನ್ನು ಉಕ್ಕು ಎಷ್ಟು ಹಿಡಿದಿರುತ್ತದೋ, ಅಷ್ಟೇ ಆ ಅಂಕಿಯೂ ಹಿಡಿದಿರುತ್ತದೆ. ಆಮೇಲೆ ಅಂಥ ಸಹಿ ನಾನು ಹಾಕಿಲ್ಲ. ಅದರಿಂದ ಎರಡು ಸಲ ಕೆಲಸ ಬದಲಿಸಬೇಕಾಯಿತು. ಬೇಸರವಿಲ್ಲ.

ಮೇಷ್ಟ್ರು ಈಗಿಲ್ಲ. ಇದ್ದಾಗ ಬಂದು ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕೇ ಇವತ್ತು ಅವರ ಶಾಲೆಯ ಮುಂದೆ ಹೇಳುತ್ತಿದ್ದೇನೆ.

ಹೊನ್ನಾಳಿಗೆ ತೂಗು ರೈಲು ಬರುತ್ತದೆಯೇ ಎಂದು ಊಟದ ಹೊತ್ತಿನಲ್ಲಿ ಒಬ್ಬ ಹುಡುಗ ಕೇಳಿದ. ಇಲ್ಲಪ್ಪ. ವುಪರ್ ಸಣ್ಣ ಹೊಳೆ, ಎರಡೂ ದಡಕ್ಕೆ ಕಾಲೂರಿ ನಿಲ್ಲಬಹುದು. ನಮ್ಮ ತುಂಗಭದ್ರೆ ಆಷಾಢ, ಶ್ರಾವಣದಲ್ಲಿ ಹೇಗೆ ಬರುತ್ತಾಳೆ ಎಂದು ನಿನಗೇ ಗೊತ್ತು. ಅದೂ ಅಲ್ಲದೆ ನಮಗೆ ಅಷ್ಟು ಜನವೂ ಇಲ್ಲ. ನಮಗೆ ಬೇಕಾದದ್ದು ಶಾಲೆಯ ಹೊತ್ತಿಗೆ ಸರಿಯಾಗಿ ಬರುವ ಬಸ್ಸು. ಸುತ್ತಲಿನ ಹಳ್ಳಿಯ ಮಕ್ಕಳು ಇಂದಿಗೂ ಮೊದಲನೇ ಪಿರಿಯಡ್ ತಪ್ಪಿಸಿಕೊಳ್ಳುತ್ತಾರೆ ಎಂದು ಮುಖ್ಯೋಪಾಧ್ಯಾಯರು ಹೇಳಿದರು.

ಅದಕ್ಕೊಂದು ಮಾತು. ಒಂಬತ್ತನೇ ತರಗತಿಯ ಮಕ್ಕಳೇ, ಒಂದು ವಾರ ನೀವೇ ಎಣಿಸಿ. ಯಾವ ಊರಿನಿಂದ ಎಷ್ಟು ಜನ, ಎಷ್ಟು ಹೊತ್ತಿಗೆ ನಿಂತರು, ಬಸ್ಸು ಎಷ್ಟಕ್ಕೆ ಬಂತು, ಎಷ್ಟು ಮಂದಿಗೆ ಹತ್ತಲು ಆಗಲಿಲ್ಲ. ಮಳೆ ಬಂದ ದಿನ ಜನ ಕಡಿಮೆಯಾದರೆ ಕಡಿಮೆ ಎಂದೇ ಬರೆಯಿರಿ. ನಮ್ಮ ಊರಿನ ಕೆಲಸ ಎಂದು ಒಂದು ತಲೆಯನ್ನೂ ಹೆಚ್ಚು ಬರೆಯಬೇಡಿ. ಆ ಪಟ್ಟಿ ಹಿಡಿದು ಅರ್ಜಿ ಬರೆಯುವ ಕೆಲಸ, ಕಚೇರಿಗೆ ಅಲೆಯುವ ಕೆಲಸ ನನ್ನದು. ಹಳೆಯ ವಿದ್ಯಾರ್ಥಿಗಳು ಜೊತೆಗೆ ಬನ್ನಿ.

ಅದರ ಕೆಳಗೆ ಸಹಿ ಹಾಕಲು ನನಗೆ ಆಸೆಯಿದೆ.