ಎಲೆಕ್ಟ್ರಾನು ಕೈ ಬದಲಾಗುವ ಹೊತ್ತು

ಹೋಳೂರಿನ ಮಕ್ಕಳೇ,

ನಮ್ಮ ಜಿಲ್ಲೆಯ ಚಿನ್ನದ ಗಣಿಯ ವಿಷಯ ನಿಮಗೆ ಗೊತ್ತೇ ಇದೆ. 2001ರ ಫೆಬ್ರವರಿ 28ಕ್ಕೆ ಅದು ಮುಚ್ಚಿತು. ಆದರೆ ಗಣಿಯಿದ್ದ ಕೆಜಿಎಫ್‌ಗೆ ಹೋದರೆ ಊರಿನ ಮಗ್ಗುಲಲ್ಲೇ ದೊಡ್ಡ ದೊಡ್ಡ ದಿಬ್ಬಗಳು ಈಗಲೂ ಕಾಣುತ್ತವೆ. ಜನ ಅವನ್ನು ಸೈನೈಡ್ ದಿಬ್ಬ ಅನ್ನುತ್ತಾರೆ. ಗಣಿಯಿಂದ ತೆಗೆದ ಕಲ್ಲನ್ನು ನುಣ್ಣಗೆ ಅರೆದು, ಚಿನ್ನ ಬೇರೆ ಮಾಡಿ, ಉಳಿದದ್ದನ್ನು ಸುರಿದು ಸುರಿದು ಆದ ದಿಬ್ಬಗಳವು.

ಗಣಿಯ ಕೊನೆಯ ಕಾಲಕ್ಕೆ ಒಂದು ಟನ್ನು ಕಲ್ಲಿನಲ್ಲಿ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ಅಷ್ಟು ಸಣ್ಣ ಕಣಗಳನ್ನು ಕೈಯಲ್ಲಿ ಆರಿಸಲು ಆಗುವುದಿಲ್ಲ. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಮೆಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು ಒಂದು ದಾರಿ ಹುಡುಕಿದರು. ಪುಡಿಗೆ ಸೈನೈಡ್ ಬೆರೆಸಿದ ನೀರು ಹಾಕಿ ಗಾಳಿ ಆಡಿಸಿದರೆ ಚಿನ್ನ ಕರಗಿ ನೀರಿಗಿಳಿಯುತ್ತದೆ. ಸೈನೈಡ್ ಘೋರ ವಿಷ. ಆದರೆ ಎಂದೂ ತುಕ್ಕು ಹಿಡಿಯದ ಚಿನ್ನವನ್ನೂ ಅದು ಕರಗಿಸಬಲ್ಲದು.

ಅಲ್ಲಿ ಆಗುವುದೇನು? ಚಿನ್ನದ ಪ್ರತಿ ಪರಮಾಣುವಿನಿಂದ ಒಂದು ಎಲೆಕ್ಟ್ರಾನು ಹೊರಟು ಗಾಳಿಯ ಆಕ್ಸಿಜನ್‌ಗೆ ಸೇರುತ್ತದೆ. ಎಲೆಕ್ಟ್ರಾನು ಕಳೆದುಕೊಂಡ ಚಿನ್ನವನ್ನು ಸೈನೈಡ್ ಹಿಡಿದುಕೊಂಡು ನೀರಿನಲ್ಲಿ ಉಳಿಸುತ್ತದೆ. ನಾಲ್ಕು ಚಿನ್ನದ ಪರಮಾಣುಗಳು ಕೊಟ್ಟ ನಾಲ್ಕು ಎಲೆಕ್ಟ್ರಾನುಗಳನ್ನು ಆಕ್ಸಿಜನ್ನಿನ ಒಂದೇ ಅಣು ತೆಗೆದುಕೊಳ್ಳುತ್ತದೆ. ಆ ನೀರಿಗೆ ಸತುವಿನ ಪುಡಿ ಹಾಕಿದರೆ ಸತು ತನ್ನ ಎಲೆಕ್ಟ್ರಾನುಗಳನ್ನು ಚಿನ್ನಕ್ಕೆ ಕೊಟ್ಟು ತಾನು ಕರಗುತ್ತದೆ, ಚಿನ್ನ ಮತ್ತೆ ಲೋಹವಾಗಿ ತಳಕ್ಕೆ ಬೀಳುತ್ತದೆ.

ಎಲೆಕ್ಟ್ರಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಈ ಕೆಲಸ ಎಲ್ಲೆಡೆ ನಡೆಯುತ್ತಲೇ ಇದೆ. ಕೊಳವೆಬಾವಿಯ ಕಬ್ಬಿಣದ ಪೈಪಿಗೆ ತುಕ್ಕು ಹಿಡಿಯುವುದು ಇದರಿಂದಲೇ. ಮಾವಿನ ಎಲೆ ಬಿಸಿಲಲ್ಲಿ ಆಹಾರ ಮಾಡಿಕೊಳ್ಳುವುದೂ, ನೀವು ಉಂಡ ಮುದ್ದೆಯಿಂದ ಮೈಗೆ ಕಸುವು ಬರುವುದೂ ಇದರಿಂದಲೇ.

ಹೀಗೆ ನೆಗೆಯಲು ಎಲೆಕ್ಟ್ರಾನಿಗೆ ಎಷ್ಟು ಹೊತ್ತು ಬೇಕು? ಇದನ್ನು ಅಳೆಯುವುದಕ್ಕೇ ತಮ್ಮ ವೃತ್ತಿಜೀವನ ಮುಡಿಪಿಟ್ಟವರು ಅಮೆರಿಕದ ರಸಾಯನ ವಿಜ್ಞಾನಿ ಜಾನ್ ಮಿಲ್ಲರ್. ಮೊದಲು ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ, ಆಮೇಲೆ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಅವರು ಕೆಲಸ ಮಾಡಿದರು. ಅವರ ವಿದ್ಯೆಯ ಹೆಸರು ವಿಕಿರಣ ರಸಾಯನಶಾಸ್ತ್ರ.

ಎಲೆಕ್ಟ್ರಾನನ್ನು ಕಣ್ಣಲ್ಲಿ ನೋಡಲಾಗದು. ಅದಕ್ಕೇ ವಿಜ್ಞಾನಿಗಳು ಒಂದು ಉಪಾಯ ಮಾಡುತ್ತಾರೆ. ಯಂತ್ರವೊಂದರಿಂದ ಅತಿವೇಗದ ಎಲೆಕ್ಟ್ರಾನುಗಳ ಒಂದು ಚಿಕ್ಕ ಹೊಡೆತವನ್ನು ದ್ರವದೊಳಕ್ಕೆ ಹಾಯಿಸುತ್ತಾರೆ. ಅವು ದಾರಿಯಲ್ಲಿ ಸಿಕ್ಕ ಅಣುಗಳಿಂದ ಬೇರೆ ಎಲೆಕ್ಟ್ರಾನುಗಳನ್ನು ಕಿತ್ತು ಬಿಡುಗಡೆ ಮಾಡುತ್ತವೆ. ಬಿಡುಗಡೆಯಾದ ಎಲೆಕ್ಟ್ರಾನು ಎಲ್ಲಿ ಕೂತಿದೆ ಎಂಬುದನ್ನು ದ್ರವ ಯಾವ ಬಣ್ಣದ ಬೆಳಕನ್ನು ಹೀರುತ್ತದೆ ಎಂಬುದರಿಂದ ತಿಳಿಯುತ್ತಾರೆ. 1962ರಲ್ಲಿ ಎಡ್ವಿನ್ ಹಾರ್ಟ್ ಮತ್ತು ಜಾನ್ ಬೋಗ್ ಎಂಬ ಇಬ್ಬರು ಇದೇ ಉಪಾಯದಿಂದ, ನೀರಿನ ನಡುವೆ ಒಂಟಿಯಾಗಿ ಇರುವ ಎಲೆಕ್ಟ್ರಾನು ಕೆಂಪು ಬೆಳಕನ್ನು ಹೀರುವುದನ್ನು ಗುರುತಿಸಿದರು. ನಮ್ಮ ದೇಶದಲ್ಲಿ ಮುಂಬೈನ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲೂ ಇಂಥ ಯಂತ್ರವಿದೆ.

ಮಿಲ್ಲರ್ ಅವರ ಮುಂದೆ ಒಂದು ಹಳೆಯ ಒಗಟು ಇತ್ತು. ತೆಗೆದುಕೊಳ್ಳುವ ಅಣುವಿನ ಸೆಳೆತ ಹೆಚ್ಚಿದಷ್ಟೂ ಎಲೆಕ್ಟ್ರಾನು ಬೇಗ ನೆಗೆಯಬೇಕು, ಅಲ್ಲವೇ? ಎಲ್ಲರೂ ಹಾಗೆಯೇ ಅಂದುಕೊಂಡಿದ್ದರು. ಆದರೆ ರುಡಾಲ್ಫ್ ಮಾರ್ಕಸ್ ಎಂಬ ವಿಜ್ಞಾನಿ ಕಾಗದದ ಮೇಲೆ ಲೆಕ್ಕ ಮಾಡಿ, 1960ರ ಹೊತ್ತಿಗೆ ಬೇರೆಯೇ ಮಾತು ಹೇಳಿದ್ದರು: ಸೆಳೆತ ಒಂದು ಮಿತಿ ದಾಟಿದರೆ ನೆಗೆತ ಮತ್ತೆ ನಿಧಾನವಾಗುತ್ತದೆ!

ಯಾಕೆ? ಯುಗಾದಿಗೆ ಮರಕ್ಕೆ ಎರಡು ಉಯ್ಯಾಲೆ ಕಟ್ಟಿ ಇಬ್ಬರು ಎದುರುಬದುರು ತೂಗುತ್ತಿದ್ದಾರೆ ಅನ್ನಿ. ಒಬ್ಬಳ ಕೈಯಲ್ಲಿರುವ ಸೀಬೆಹಣ್ಣು ಇನ್ನೊಬ್ಬಳಿಗೆ ಸೇರಬೇಕಾದರೆ ಇಬ್ಬರ ಕೈಯೂ ಒಂದು ಕ್ಷಣ ಒಂದೇ ಮಟ್ಟಕ್ಕೆ ಬರಬೇಕು. ಎಲೆಕ್ಟ್ರಾನೂ ಅಷ್ಟೇ. ಸುತ್ತಲಿನ ಅಣುಗಳು ಸದಾ ಅಲುಗುತ್ತಿರುತ್ತವೆ. ಆ ಅಲುಗಾಟದಲ್ಲಿ ಕೊಡುವ ಕಡೆಯ ಶಕ್ತಿಯೂ ತೆಗೆದುಕೊಳ್ಳುವ ಕಡೆಯ ಶಕ್ತಿಯೂ ಸಮವಾದಾಗ ಮಾತ್ರ ಅದು ದಾಟುತ್ತದೆ. ಸೆಳೆತ ಹದವಾಗಿದ್ದರೆ ಮಟ್ಟ ಸುಲಭವಾಗಿ ಕೂಡುತ್ತದೆ. ಸೆಳೆತ ಅತಿಯಾದರೆ ಮಟ್ಟ ಮತ್ತೆ ತಪ್ಪುತ್ತದೆ.

ಇದನ್ನು ಪರೀಕ್ಷಿಸಿದವರಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸರಿಯಾದ ಸಾಕ್ಷಿ ಸಿಗಲಿಲ್ಲ. ದ್ರವದಲ್ಲಿ ಕೊಡುವ ಅಣುವೂ ತೆಗೆದುಕೊಳ್ಳುವ ಅಣುವೂ ಮೊದಲು ಅಲೆದಾಡಿ ಹತ್ತಿರ ಬರಬೇಕು. ಅದಕ್ಕೇ ಹೊತ್ತು ಹಿಡಿಯುವುದರಿಂದ ನೆಗೆತದ ನಿಜವಾದ ವೇಗ ಅಡಗಿಹೋಗುತ್ತಿತ್ತು. ಮಿಲ್ಲರ್ ಮತ್ತು ಷಿಕಾಗೋ ವಿಶ್ವವಿದ್ಯಾಲಯದ ಗೆರ್ಹಾರ್ಡ್ ಕ್ಲಾಸ್ ಸೇರಿ ಆ ಅಲೆದಾಟವನ್ನೇ ತಪ್ಪಿಸಿದರು. ಕೊಡುವ ಭಾಗ ಒಂದು ತುದಿಗೆ, ತೆಗೆದುಕೊಳ್ಳುವ ಭಾಗ ಇನ್ನೊಂದು ತುದಿಗೆ, ನಡುವೆ ಬಾಗದ ಗಟ್ಟಿ ಕೊಂಡಿ. ಹೀಗೆ ಎರಡನ್ನೂ ಒಂದೇ ಅಣುವಿನಲ್ಲಿ ಜೋಡಿಸಿದರು. ತುದಿಗಳ ನಡುವಿನ ಅಂತರ ಸುಮಾರು ಒಂದು ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಕೊಡುವ ಭಾಗ ಮತ್ತು ಕೊಂಡಿಯನ್ನು ಹಾಗೇ ಇಟ್ಟು, ತೆಗೆದುಕೊಳ್ಳುವ ಭಾಗವನ್ನು ಮಾತ್ರ ಬದಲಿಸುತ್ತ ಎಂಟು ಅಣುಗಳನ್ನು ಅಳೆದರು.

ಮೊದಮೊದಲು ಸೆಳೆತ ಹೆಚ್ಚಿದಂತೆ ನೆಗೆತ ಚುರುಕಾಯಿತು. ಅತಿ ಚುರುಕಾದ ನೆಗೆತಕ್ಕೆ ಒಂದು ಸೆಕೆಂಡಿನ ನೂರು ಕೋಟಿಯ ಒಂದು ಪಾಲೂ ಬೇಕಾಗಲಿಲ್ಲ. ಸೆಳೆತ ಇನ್ನೂ ಹೆಚ್ಚಿದಾಗ ನೆಗೆತ ನಿಧಾನವಾಯಿತು. ಮಾರ್ಕಸ್ ಹೇಳಿದ್ದು ನಿಜವಾಗಿತ್ತು. ಮಿಲ್ಲರ್, ಅವರ ಜೊತೆ ಕೆಲಸ ಮಾಡಿದ ಕ್ಯಾಲ್‌ಕಟೆರಾ ಮತ್ತು ಕ್ಲಾಸ್ ಅವರ ಪ್ರಬಂಧ 1984ರಲ್ಲಿ ಪ್ರಕಟವಾಯಿತು. 1992ರಲ್ಲಿ ಮಾರ್ಕಸ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು.

ಇದರಿಂದ ಉಪಯೋಗವೂ ಉಂಟು. ಬಿಸಿಲಿನಿಂದ ವಿದ್ಯುತ್ತು ಅಥವಾ ಇಂಧನ ಮಾಡುವಾಗ, ಬೆಳಕು ತಾಗಿ ಹೊರಟ ಎಲೆಕ್ಟ್ರಾನು ಹೊರಟಲ್ಲಿಗೇ ವಾಪಸು ಬಂದರೆ ಶ್ರಮವೆಲ್ಲ ವ್ಯರ್ಥ. ವಾಪಸಾಗುವ ನೆಗೆತವನ್ನು ನಿಧಾನ ಮಾಡುವುದು ಹೇಗೆಂದು ಯೋಚಿಸುವವರಿಗೆ ಈ ನಿಯಮ ದಾರಿ ತೋರಿಸುತ್ತದೆ.

ಎಲೆಕ್ಟ್ರಾನಿನ ಕೈಬದಲಾವಣೆಯನ್ನು ನೀವೂ ನೋಡಬಹುದು. ನಿಮ್ಮ ವಿಜ್ಞಾನದ ಮೇಷ್ಟ್ರನ್ನೋ ಮೇಡಮ್ಮನ್ನೋ ಕೇಳಿ, ಅವರ ಎದುರಿನಲ್ಲೇ ಗಾಜಿನ ಲೋಟದಲ್ಲಿ ಮೈಲುತುತ್ತವನ್ನು ನೀರಿಗೆ ಕರಗಿಸಿ, ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಮೊಳೆಯೊಂದನ್ನು ಇಳಿಬಿಡಿ. ಕಬ್ಬಿಣದ ಎಲೆಕ್ಟ್ರಾನು ತಾಮ್ರಕ್ಕೆ ಹೋಗಿ ಮೊಳೆಯ ಮೇಲೆ ಕೆಂಪು ತಾಮ್ರ ಕೂರುತ್ತದೆ, ನೀರಿನ ನೀಲಿ ಮೆಲ್ಲಗೆ ತಿಳಿಯಾಗುತ್ತದೆ. ಮೈಲುತುತ್ತವೂ ವಿಷವೇ, ಬಾಯಿಗೆ ತಾಗಿಸದೆ ಕೊನೆಗೆ ಕೈ ಚೆನ್ನಾಗಿ ತೊಳೆದುಕೊಳ್ಳಿ. ಯಾವ ಹೊತ್ತಿಗೆ ಬಣ್ಣ ಎಷ್ಟು ಬದಲಾಯಿತೆಂದು ಗಡಿಯಾರ ನೋಡಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಲ ಒಂದನ್ನು ಮಾತ್ರ ಬದಲಿಸಿ, ಬಿಸಿ ನೀರು ಹಾಕಿಯೋ ಮೈಲುತುತ್ತ ಕಡಿಮೆ ಮಾಡಿಯೋ, ಮತ್ತೆ ಬರೆಯಿರಿ. ಮಿಕ್ಕಿದ್ದೆಲ್ಲ ಹಾಗೇ ಇಟ್ಟು ಒಂದನ್ನೇ ಬದಲಿಸಿ ನೋಡುವುದು ವಿಜ್ಞಾನದ ಮೊದಲ ಪಾಠ. ಆ ದೊಡ್ಡ ಒಗಟು ಬಿಡಿಸಿದ್ದೂ ಅದೇ ಪಾಠ.